ಒಡ್ಡಿನ ಅಂಚಿಗೆ ನಿಂತವಳು

ಬಳಗಾನೂರಿನಲ್ಲಿ ಮೇಸ್ತ್ರಿ ಅಯ್ಯಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಬೆಳಗಿನ ಹೊತ್ತು ಬಸ್ಸಿಳಿದು ಸುಮ್ಮನೆ ನಿಂತರೆ ಸಾಕು, ಬೈಗುಳ ಎಲ್ಲಿಂದ ಕೇಳಿಸುತ್ತದೋ ಅದೇ ಅವಳ ಮನೆ. ಗಂಡ ಗದ್ದೆಪ್ಪನಿಗೆ, ಹಾಲು ಕೊಡದ ಎಮ್ಮೆಗೆ, ನಳದಲ್ಲಿ ಬಾರದ ನೀರಿಗೆ, ತಡಮಾಡಿ ಬಂದ ಟಂಟಂ ಆಟೋದ ಡ್ರೈವರನಿಗೆ, ಎಲ್ಲರಿಗೂ ಎದ್ದ ಕೂಡಲೇ ಸಮಪಾಲು. ಹಾಗೆಂದು ಆ ಬಾಯಿಗೆ ಹೆದರಿ ಅವಳ ನಾಟಿ ಗುಂಪು ಬಿಟ್ಟ ಹೆಂಗಸು ಒಬ್ಬಳೂ ಇರಲಿಲ್ಲ. ಕಾಲುವೆ ಬಂದ ಮೇಲೆ ಹೊರಗಿನಿಂದ ಬಂದು ನೆಲೆಸಿದ ಕ್ಯಾಂಪಿನ ಗದ್ದೆ ಮಾಲೀಕರು ಚಹಾ ಕುಡಿಯುವಷ್ಟು ಹೊತ್ತೂ ಕೊಡದೆ ದುಡಿಸಲು ನೋಡಿದಾಗ ಗುಂಪಿನ ಪರವಾಗಿ ಏಳುತ್ತಿದ್ದುದೂ ಅದೇ ಬಾಯಿ.

ಅಯ್ಯಮ್ಮ ನೆಲ್ಲಿನ ಸೀಮೆಯವಳಲ್ಲ. ತವರು ಲಿಂಗಸುಗೂರು ಕಡೆಯ ಎರೆ ಹೊಲದ ಊರು. ಜೋಳ, ತೊಗರಿ, ಸಜ್ಜೆ ಬಿಟ್ಟರೆ ಬೇರೆ ಬೆಳೆ ಕಂಡವಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಕಾಲುವೆ ನೀರು ತುಂಬಿ ನಿಂತ ಗದ್ದೆ ನೋಡಿ, ಇಷ್ಟು ಛಲೋ ಹೊಲವನ್ನು ಈ ಮಂದಿ ಯಾಕೆ ನೀರಿಗೆ ಹಾಕಿ ಕೊಳೆಸುತ್ತಿದ್ದಾರೆ ಎಂದು ಮರುಗಿದ್ದಳಂತೆ. ಮೊದಲ ದಿನ ನಾಟಿಗೆ ಇಳಿದವಳು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮಕಾಡೆ ಬಿದ್ದಳು. ಇಡೀ ಸಾಲು ಬಿದ್ದುಬಿದ್ದು ನಕ್ಕಿತು. ಒಬ್ಬಳು ಮಾತ್ರ ನಗಲಿಲ್ಲ. ಹಸನ್‌ಸಾಬನ ಹೆಂಡತಿ ಹುಸೇನ್‌ಬೀ. ಅಯ್ಯಮ್ಮನಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಎತ್ತರದ ಆಳು. ಬಂದು ರಟ್ಟೆ ಹಿಡಿದು ಎಬ್ಬಿಸಿ, ತನ್ನ ಸೆರಗಿನಿಂದ ಮುಖದ ಕೆಸರು ಒರೆಸಿದಳು.

"ಬೆನ್ನು ಬಗ್ಗಿಸಬ್ಯಾಡ ಬೇ, ಸೊಂಟ ಬಗ್ಗಿಸು. ಬೆನ್ನು ನಿಂದು, ಮಾಲಕಂದಲ್ಲ."

ಆವತ್ತಿನಿಂದ ಸಾಲಿನಲ್ಲಿ ಹುಸೇನ್‌ಬೀ ಎಲ್ಲೋ ಅವಳ ಎಡಕ್ಕೆ ಅಯ್ಯಮ್ಮ ಅಲ್ಲೇ. ಮುಂದೆ ಹಳೆಯ ಮೇಸ್ತ್ರಿ ಕೈಲಾಗದೆ ಕುಂತಾಗ, ಎಲ್ಲರೂ ಹುಸೇನ್‌ಬೀಯೇ ಮೇಸ್ತ್ರಿಯಾಗಲಿ ಅಂದರು. ಅವಳು ಒಪ್ಪಲಿಲ್ಲ. "ನನಗ ಬೈಯಾಕ ಬರಂಗಿಲ್ಲ. ಅಯ್ಯಮ್ಮಗ ಅದು ಹುಟ್ಟತಾ ಬಂದೈತಿ" ಎಂದು ನಕ್ಕು, ಮೇಸ್ತ್ರಿಕೆಯನ್ನು ಗೆಳತಿಯ ಉಡಿಗೆ ಹಾಕಿದಳು.

ನಾಟಿಯ ಕೆಲಸ ನೋಡದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಹೆಂಗಸರು ಗದ್ದೆಯ ಅಡ್ಡಕ್ಕೆ ಸಾಲಾಗಿ ನಿಂತು, ಬಗ್ಗಿ, ಸಸಿ ಊರುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಕೈ ಚಾಚಿದಷ್ಟು ಅಗಲ ಒಬ್ಬೊಬ್ಬಳ ಪಟ್ಟಿ. ಯಾರ ಸೊಂಟ ಹಿಡಿಯಿತೋ, ಯಾರಿಗೆ ಜ್ವರವೋ, ಯಾರು ಬಸುರಿಯೋ ಅವಳು ನಿಧಾನವಾಗುತ್ತಾಳೆ. ಆಗ ಆ ಕಡೆಯವಳೊಂದು ಈ ಕಡೆಯವಳೊಂದು ಕೈ ಚಾಚಿ ಅವಳ ಪಟ್ಟಿಯನ್ನು ತುಂಬಿಬಿಡುತ್ತಾರೆ. ಇದಕ್ಕೆ ಕೈ ಹಚ್ಚುವುದು ಅನ್ನುತ್ತಾರೆ. ಯಾರೂ ಕೇಳುವುದಿಲ್ಲ, ಯಾರೂ ಹೇಳಿ ತೋರಿಸುವುದಿಲ್ಲ. ದೂರದ ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತ ಮಾಲೀಕನಿಗೆ ಸಾಲು ಒಂದೇ ಸಮ ಕಾಣುತ್ತದೆ, ಅಷ್ಟೇ.

ಅಯ್ಯಮ್ಮನಿಗೆ ಗರ್ಭಚೀಲ ತೆಗೆಸಿದ ವರ್ಷ ಡಾಕ್ಟರು ಬಗ್ಗಲೇಬೇಡ ಅಂದಿದ್ದರು. ಬಗ್ಗದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಹುಸೇನ್‌ಬೀ ಅವಳನ್ನು ಕರೆತಂದು ಸಾಲಿನಲ್ಲಿ ನಿಲ್ಲಿಸಿ, ಕೈಗೆ ಸಸಿಯ ಕಟ್ಟು ಕೊಟ್ಟು, "ನೀ ಸುಮ್ಮ ನಿಂದ್ರು, ಆಗೊಮ್ಮೆ ಈಗೊಮ್ಮೆ ಬಗ್ಗಿದಂಗ ಮಾಡು" ಎಂದಳು. ಆ ನಾಟಿ ಹಂಗಾಮು ಪೂರ್ತಿ ಹುಸೇನ್‌ಬೀ ಎರಡು ಪಟ್ಟಿ ಹಚ್ಚಿದಳು. ಬೆರಳ ಸಂದಿಯ ಚರ್ಮ ನೀರಿಗೆ ಕೊಳೆತು ಬಿರಿದು, ರೊಟ್ಟಿ ಮುರಿಯಲೂ ಆಗದಂತಾಗಿತ್ತು. ಮುಂದೆ ಹಸನ್‌ಸಾಬ್ ತೀರಿಕೊಂಡಾಗ ಹುಸೇನ್‌ಬೀ ಅವರ ಪದ್ಧತಿಯಂತೆ ಇದ್ದತ್ತಿಗೆ ಕುಳಿತಳು. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವ ಹಾಗಿಲ್ಲ. ಅವಳ ಪಟ್ಟಿಯನ್ನು ಗುಂಪಿನವರು ಸರದಿಯಲ್ಲಿ ಹಚ್ಚಿ, ಅವಳ ಕೂಲಿಯ ಪಾಲನ್ನು ಮನೆಗೆ ಮುಟ್ಟಿಸಿದರು. ಅದು ಯಾವ ಧರ್ಮದ ಪದ್ಧತಿ ಅಂತ ಆಗ ಯಾರೂ ಕೇಳಲಿಲ್ಲ. ಗಂಡನನ್ನು ಕಳೆದುಕೊಂಡವಳು ಮನೆಯಲ್ಲಿ ಕೂತು ಅಳಬೇಕು ಎನ್ನುವುದು ಎಲ್ಲರಿಗೂ ತಿಳಿಯುವ ಮಾತೇ ಆಗಿತ್ತು.

ಹಾಗೆ ನೋಡಿದರೆ ಆ ಗುಂಪಿನಲ್ಲಿ ಇಲ್ಲದ ಜಾತಿಯೇ ಇರಲಿಲ್ಲ. ಅಂಬಿಕಾಳ ಮನೆಯ ಗೋಡೆಯ ಮೇಲೆ ಬುದ್ಧ, ಪಕ್ಕದವಳ ಮನೆಯಲ್ಲಿ ಎಲ್ಲಮ್ಮ. ಅವರ ಅಜ್ಜಿಯರ ಕಾಲದಲ್ಲಿ ಒಬ್ಬರ ಕೊಡ ಒಬ್ಬರು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಬೇವಿನ ಮರದಡಿ ಬುತ್ತಿ ಬಿಚ್ಚಿದರೆ ಈಗ ಎಲ್ಲವೂ ನಡುವಿಗೆ ಬರುತ್ತಿತ್ತು. ಹುಸೇನ್‌ಬೀಯ ಪುಂಡಿಪಲ್ಯ ಮೊದಲು ಖಾಲಿ. ಅವಳೇ ಕೊನೆಗೆ ಡಬ್ಬಿ ಬಳಿದು ತಿನ್ನುತ್ತ, "ನನಗ ಬಿಡ್ರೇ ಹಾಳಾದವ್ರ" ಎಂದು ಹುಸಿಮುನಿಸು ತೋರಿಸುತ್ತಿದ್ದಳು.

ಕಷ್ಟ ಬಂದರೆ ಎಲ್ಲರೂ ಒಂದಾಗುತ್ತಾರೆ ಎಂದು ವೇದಿಕೆಯ ಮೇಲೆ ನಿಂತು ಹೇಳುವವರು ಯಾರೂ ಕೆಸರಿಗೆ ಇಳಿದವರಲ್ಲ. ಇಳಿದಿದ್ದರೆ ಗೊತ್ತಾಗುತ್ತಿತ್ತು. ಕೆಸರಿನಲ್ಲಿ ಬಗ್ಗಿದಾಗ ಒಂದಾಗಿ ಇದ್ದವರು, ಒಡ್ಡಿನ ಮೇಲೆ ಬಂದು ಕೈ ತೊಳೆದುಕೊಂಡ ಮೇಲೆ ಬೇರೆಯಾಗುತ್ತಾರೆ.

ಶುರುವಾದದ್ದು ಒಂದು ತೆಂಗಿನಕಾಯಿಯಿಂದ. ಹೋದ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟು, ಮೊದಲ ಗದ್ದೆಗೆ ಇಳಿಯುವ ದಿನ ಎಂದಿನಂತೆ ಒಡ್ಡಿನ ಮೇಲೆ ಮೂರು ಕಲ್ಲಿಟ್ಟು ಕುಂಕುಮ ಹಚ್ಚಿ ಕಾಯಿ ಒಡೆದರು. ಅಯ್ಯಮ್ಮ ಕೊಬ್ಬರಿ ಚೂರು ಹಂಚುತ್ತ ಬಂದಾಗ ಹುಸೇನ್‌ಬೀ ಕೈ ಚಾಚಲಿಲ್ಲ. "ಹಲ್ಲು ನೋಯಾಕತ್ತಾವು" ಎಂದಳು. ಹಲ್ಲು ನೋವು ಅಲ್ಲವೆಂದು ಅಯ್ಯಮ್ಮನಿಗೆ ಗೊತ್ತಿತ್ತು. ಮಸ್ಕಿಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳ ಮಗ ನಾಸೀರ್ ಇತ್ತೀಚೆಗೆ ಗಡ್ಡ ಬಿಟ್ಟು, ದೇವರಿಗೆ ಇಟ್ಟದ್ದನ್ನು ತಿನ್ನಬಾರದು ಎಂದು ತಾಯಿಗೆ ಪಾಠ ಹೇಳುತ್ತಿದ್ದ. ಸಂಜೆ ಹುಸೇನ್‌ಬೀ ತಾನಾಗಿ ಬಂದು ಹೇಳಿದ್ದಳು. "ಮಗನ ಕೂಡ ಮನ್ಯಾಗ ಇರಬೇಕಲ್ಲ ಅಯ್ಯಮ್ಮ. ನೀ ಮನಸಿಗೆ ಹಚಗೋಬ್ಯಾಡ." ಅಯ್ಯಮ್ಮ ಹಚ್ಚಿಕೊಳ್ಳಲಿಲ್ಲ. ಆದರೆ ಉಳಿದವರೂ ನೋಡಿದ್ದರು.

ಅದೇ ವಾರ ಅಯ್ಯಮ್ಮನ ಸೊಸೆ ಸುಕನ್ಯಾಳ ಫೋನಿಗೆ ಒಂದು ವಿಡಿಯೋ ಬಂತು. ಯಾವುದೋ ಊರು, ಯಾವುದೋ ಭಾಷೆ. ಟೋಪಿ ಹಾಕಿದ ಒಬ್ಬ ಮನುಷ್ಯ ರೊಟ್ಟಿಯ ಮೇಲೆ ಉಗುಳಿದ ಹಾಗೆ ಕಾಣುತ್ತಿತ್ತು. ನಿಜವೋ ಸುಳ್ಳೋ, ಊದಿದನೋ ಉಗುಳಿದನೋ ಕೇಳುವವರು ಯಾರು? ಟಂಟಂನಲ್ಲಿ ಫೋನು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಹುಸೇನ್‌ಬೀ ಮತ್ತು ಅವಳ ಸೊಸೆ ಅರ್ಜುಮಂದ್ ಎದುರಿಗೆ ಕೂತಿದ್ದರು. ಅವರ ಹತ್ತಿರ ಬಂದಾಗ ಫೋನು ಸುಕನ್ಯಾಳ ಸೆರಗಿನೊಳಗೆ ಹೋಯಿತು.

ಮಧ್ಯಾಹ್ನ ಬುತ್ತಿ ಬಿಚ್ಚಿದರು. ಪುಂಡಿಪಲ್ಯದ ಡಬ್ಬಿ ನಡುವೆಯೇ ಇತ್ತು. ಕೈಗಳೆಲ್ಲ ಅದರ ಸುತ್ತ ಹೋಗಿ ಬಂದವು. ಹುಸೇನ್‌ಬೀ ಒಮ್ಮೆ ಎಲ್ಲರ ಮುಖ ನೋಡಿ, ಮುಚ್ಚಳ ಹಾಕಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ಅಯ್ಯಮ್ಮ ಅಲ್ಲೇ ಇದ್ದಳು. ಊರಿಗೆಲ್ಲ ಬೈಯುವ ಆ ಬಾಯಿಗೆ ಆವತ್ತು ಒಂದು ಮಾತೂ ಬರಲಿಲ್ಲ. ಕೈ ಚಾಚಿ ಒಂದು ತುತ್ತು ತೆಗೆದುಕೊಂಡಿದ್ದರೆ ಆಗಿಹೋಗುತ್ತಿತ್ತು. ಸೊಸೆ ನೋಡುತ್ತಿದ್ದಾಳೆ, ಮಂದಿ ನೋಡುತ್ತಿದ್ದಾರೆ ಅಂದುಕೊಂಡು ಅವಳು ಶೇಂಗಾ ಚಟ್ನಿಯಲ್ಲೇ ರೊಟ್ಟಿ ಮುಗಿಸಿದಳು.

ಮರುದಿನದಿಂದ ಹುಸೇನ್‌ಬೀ, ಅರ್ಜುಮಂದ್ ಬೇರೆ ಮರದಡಿ ಕೂತರು. ಸಾಲಿನಲ್ಲಿ ಗುಸುಗುಸು ಹೆಚ್ಚಾಯಿತು. "ಆಕಿಗೆ ನಮ್ಮ ದೇವ್ರ ಕಾಯಿ ಬ್ಯಾಡ, ನಮಗ ಆಕಿ ಪಕ್ಕ ಯಾಕ ಬೇಕು?" ಎಂದು ಒಬ್ಬಳು ಅಂದರೆ, ಇನ್ನೊಬ್ಬಳು ಪಟ್ಟಿ ಬದಲಿಸು ಎಂದು ಅಯ್ಯಮ್ಮನಿಗೆ ಗಂಟುಬಿದ್ದಳು. ಕೊನೆಗೆ ಸುಕನ್ಯಾಳೇ ಮನೆಯಲ್ಲಿ ಬಾಯಿ ಬಿಟ್ಟಳು.

"ಅತ್ತಿ, ಅವ್ರನ್ನ ಬಿಡಸ್ರಿ. ಇಲ್ಲಾಂದ್ರ ಅರ್ಧ ಗುಂಪು ಬ್ಯಾರೆ ಮೇಸ್ತ್ರಿ ಕಡೆ ಹೋಗತೈತಿ."

"ಬಿಡಸಬೇಕಾ? ನಾನು ಸತ್ರೂ ಬಿಡಸಂಗಿಲ್ಲ" ಎಂದು ಅಯ್ಯಮ್ಮ ಕೂಗಾಡಿದಳು. ಗುಂಪು ಒಡೆದರೆ ಹೊಟ್ಟೆಪಾಡು ಉಳಿಯುವುದಿಲ್ಲ, ಹುಸೇನ್‌ಬೀಯನ್ನು ಬಿಟ್ಟರೆ ತಾನು ಬಾಳುವುದಿಲ್ಲ ಅನ್ನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಕಂಡುಕೊಂಡಾಗ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಳು. ನಾವು ಮಾಡುವ ದೊಡ್ಡ ತಪ್ಪುಗಳೆಲ್ಲ ಮೊದಲ ದಿನ ಜಾಣತನದ ಹಾಗೆಯೇ ಕಾಣುತ್ತವೆ.

ಮಾರನೆಯ ದಿನ ಗದ್ದೆಗೆ ಇಳಿಯುವ ಮೊದಲು ಸಾಲು ನಿಲ್ಲಿಸುತ್ತ ಅಯ್ಯಮ್ಮ ಹೇಳಿದಳು.

"ಹುಸೇನಕ್ಕ, ನೀನು ಒಡ್ಡಿನ ಅಂಚಿಗೆ ನಿಂದ್ರು. ಅರ್ಜುಮಂದ್ ನಿನ್ನ ಪಕ್ಕ ನಿಂದರ್ಲಿ. ಅಂಚಿಗೆ ಗಟ್ಟಿ ಹೆಂಗಸು ಬೇಕು."

ಒಡ್ಡಿನ ಅಂಚೆಂದರೆ ಗದ್ದೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ. ಒಡ್ಡು ನೆಟ್ಟಗಿರುವುದಿಲ್ಲ, ಅದರ ಸೊಟ್ಟ ಹೋದಲ್ಲೆಲ್ಲ ಪಟ್ಟಿ ಅಗಲವಾಗುತ್ತದೆ. ಮೂಲೆ ಮೂಲೆ ತುಂಬಬೇಕು, ಏಡಿಯ ಬಿಲ, ಜಾಲಿ ಮುಳ್ಳು. ಒಂದು ಪಕ್ಕಕ್ಕೆ ಮಣ್ಣು, ಇನ್ನೊಂದು ಪಕ್ಕಕ್ಕೆ ಮಾತ್ರ ಮನುಷ್ಯರು. ಹಾಗಾಗಿ ಅಲ್ಲಿಗೆ ಹರೆಯದ ಗಟ್ಟಿಗಿತ್ತಿಯನ್ನೇ ನಿಲ್ಲಿಸುವುದು ವಾಡಿಕೆ. ಐವತ್ತು ದಾಟಿದ, ಮೊಣಕಾಲು ಬಾತ ಹೆಂಗಸನ್ನು ಯಾರೂ ನಿಲ್ಲಿಸುವುದಿಲ್ಲ. ಸಾಲಿನಲ್ಲಿ ಇದ್ದವರೆಲ್ಲರಿಗೂ ಅದು ಗೊತ್ತಿತ್ತು. ಹುಸೇನ್‌ಬೀ ಅಯ್ಯಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ "ಆತು" ಎಂದು ಸೀರೆ ಎತ್ತಿ ಕಟ್ಟಿ ಅಂಚಿಗೆ ಹೋದಳು.

ಜಗಳ ನಿಂತಿತು, ಗುಂಪು ಉಳಿಯಿತು. ಅಯ್ಯಮ್ಮ ನಡುವೆ ನಿಂತು ಸಸಿ ಊರುತ್ತ, ಒಂದು ಹಂಗಾಮು ಹೀಗೆ ಹೋಗಲಿ, ಮಂದಿ ಮರೆತ ಮೇಲೆ ಮತ್ತೆ ಪಕ್ಕಕ್ಕೆ ಕರೆದುಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡಳು. ಆದರೆ ಅರ್ಜುಮಂದಳ ಈ ಕಡೆ ನಿಂತ ಹೆಂಗಸು ನಡುವೆ ಒಂದು ಮೊಳ ಜಾಗ ಬಿಟ್ಟೇ ನಿಲ್ಲುತ್ತಿದ್ದಳು. ಅತ್ತ ಕಡೆ ಕೈ ಚಾಚುವುದು ತಾನಾಗಿಯೇ ನಿಂತುಹೋಯಿತು. ಅರ್ಜುಮಂದ್ ಆಗ ಎಳೆಗೂಸಿನ ತಾಯಿ, ನಡುನಡುವೆ ಹಾಲು ಕಟ್ಟಿ ಬಿಗಿದ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದಳು. ಅವಳ ಪಟ್ಟಿಗೂ ಹುಸೇನ್‌ಬೀಯೇ ಕೈ ಹಚ್ಚಬೇಕಿತ್ತು. ಹುಸೇನ್‌ಬೀಯ ಪಟ್ಟಿಗೆ ಕೈ ಹಚ್ಚುವವರು ಯಾರೂ ಇರಲಿಲ್ಲ. ಅಯ್ಯಮ್ಮ ತಲೆಯೆತ್ತಿ ನೋಡಿದಾಗೆಲ್ಲ ಅವಳು ಬಗ್ಗಿಯೇ ಇರುತ್ತಿದ್ದಳು. ಒಂದು ಸಲವಾದರೂ ಸೊಂಟ ನೆಟ್ಟಗೆ ಮಾಡಿದ್ದು ಕಾಣಲಿಲ್ಲ. ಹೋಗಿ ನಿಂತುಕೊಳ್ಳಲೇ ಎಂದು ಕಾಲು ಎತ್ತಿದ್ದೂ ಉಂಟು. ಎತ್ತಿದ ಕಾಲು ಕೆಸರಿಗೇ ಇಳಿಯುತ್ತಿತ್ತು.

ಶ್ರಾವಣ ಬಂದರೂ ಮಳೆ ಬಾರದ ದಿನಗಳು. ಗದ್ದೆಯ ನೀರೇ ಬಿಸಿ. ಆವತ್ತು ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು ಅರ್ಜುಮಂದ್ ಚೀರಿದಳು. ಹುಸೇನ್‌ಬೀ ಮುಂದಕ್ಕೆ ಬಾಗಿದವಳು ಹಾಗೆಯೇ ನೀರಿನಲ್ಲಿ ಮುಖವಿಟ್ಟು ಬಿದ್ದಿದ್ದಳು.

ಆಮೇಲೆ ನಡೆದದ್ದನ್ನು ನೋಡಿದವರು ಇವರೇನಾ ಆ ಹೆಂಗಸರು ಎಂದು ಬೆರಗಾಗಬೇಕು. ಪಕ್ಕ ಬೇಡ ಅಂದಿದ್ದವಳೇ ಮೊದಲು ಓಡಿ ಎತ್ತಿದಳು. ಇಡೀ ಸಾಲು ಅವಳನ್ನು ಹೊತ್ತು ಒಡ್ಡಿನ ಮೇಲೆ ಓಡಿತು, ಜಾರಿತು, ಎದ್ದು ಮತ್ತೆ ಓಡಿತು. ಟಂಟಂನಲ್ಲಿ ಸುಕನ್ಯಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಬಾಟಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ತುಟಿಗೆ ಹನಿಸುತ್ತ, "ದೊಡ್ಡಮ್ಮ, ಕಣ್ಣು ತೆಗಿರಿ ದೊಡ್ಡಮ್ಮ" ಎಂದು ಅಳುತ್ತಿದ್ದಳು. ಅಂಬಿಕಾ ಅಂಗಾಲು ತಿಕ್ಕುತ್ತಿದ್ದಳು. ಯಾರೋ ಎಲ್ಲಮ್ಮನಿಗೆ ಹರಕೆ ಹೊತ್ತರು, ಅರ್ಜುಮಂದ್ ಅಲ್ಲಾನನ್ನು ಕರೆದಳು, ಎರಡೂ ಒಂದೇ ಕೂಗಾಗಿ ಕೇಳಿಸುತ್ತಿತ್ತು. ಸಿಂಧನೂರಿನ ರೈಸ್ ಮಿಲ್ಲುಗಳು ಕಾಣುವಷ್ಟರಲ್ಲಿ ಅಯ್ಯಮ್ಮ ಹಿಡಿದಿದ್ದ ಕೈ ತಣ್ಣಗಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯ ನಿಂತಿದೆ, ದಾರಿಯಲ್ಲೇ ಹೋಗಿದ್ದಾರೆ ಎಂದರು.

ಮನೆಗೆ ತರುವಷ್ಟರಲ್ಲಿ ಮಸ್ಕಿಯಿಂದ ನಾಸೀರ್ ಬಂದಿದ್ದ, ಅವನ ಹಿಂದೆ ಒಂದು ಜೀಪಿನ ತುಂಬ ಜನ. ಮೈ ತೊಳೆಸುವ ಹೆಂಗಸರೂ ಬಂದಿದ್ದರು. ಅಯ್ಯಮ್ಮ ಕೆಸರು ಒಣಗಿದ ಸೀರೆಯಲ್ಲೇ ಒಳಗೆ ಹೋಗಲು ಹೊರಟಳು. ಗೆಳತಿಯ ಬೆರಳ ಸಂದಿಯಲ್ಲಿ ಇನ್ನೂ ಕೆಸರಿತ್ತು, ಅದನ್ನು ತಾನು ತೊಳೆಯಬೇಕು ಅನ್ನುವುದೊಂದೇ ಅವಳ ತಲೆಯಲ್ಲಿತ್ತು. ನಾಸೀರ್ ಬಾಗಿಲಲ್ಲಿ ನಿಂತಿದ್ದ. ಅವಳೇ ಬಗಲಲ್ಲಿ ಎತ್ತಿ ಆಡಿಸಿದ ಹುಡುಗ.

"ಸಣ್ಣಮ್ಮ, ನೀವು ಹೊರಗ ಕುಂದ್ರಿ. ಒಳಗ ನಮ್ಮ ಮಂದಿ ಅದಾರ."

ಸಿಟ್ಟಿನಲ್ಲಿ ಅಂದದ್ದಲ್ಲ. ಮೆತ್ತಗೇ ಅಂದ, ಅತ್ತು ಅತ್ತು ಅವನ ಕಣ್ಣೂ ಊದಿದ್ದವು. ಟಂಟಂನಲ್ಲಿ ಒಂದಾಗಿ ಅತ್ತಿದ್ದ ಹೆಂಗಸರು ಕಟ್ಟೆಯ ಈ ಕಡೆ ಕೂತರು, ಬಂದವರು ಆ ಕಡೆ ಕೂತರು. ಹುಸೇನ್‌ಬೀಯನ್ನು ಹೊತ್ತುಕೊಂಡು ಹೋಗುವಾಗ ಅಯ್ಯಮ್ಮನಿಗೆ ಬಿಳಿ ಬಟ್ಟೆ ಕಂಡಿತು, ಮುಖ ಕಾಣಲಿಲ್ಲ.

ಸಸಿಮಡಿ ಯಾರ ಸಾವಿಗೂ ಕಾಯುವುದಿಲ್ಲ, ಬಲಿತರೆ ಕೆಟ್ಟಿತು. ಗುಂಪು ಮತ್ತೆ ಗದ್ದೆಗೆ ಇಳಿಯಲೇಬೇಕಾಯಿತು. ಅರ್ಜುಮಂದ್ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಬೆಳಗ್ಗೆ ಟಂಟಂ ನಿಲ್ಲುವ ಜಾಗದಲ್ಲಿ ಬುತ್ತಿ ಹಿಡಿದು ನಿಂತಿದ್ದಳು. ಸುಕನ್ಯಾ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಗದ್ದೆಯಲ್ಲಿ ಸಾಲು ನಿಲ್ಲಿಸುವಾಗ ಅಯ್ಯಮ್ಮ ಅರ್ಜುಮಂದಳ ಕೈ ಹಿಡಿದು ನಡುವಿಗೆ, ತನ್ನ ಬಲಕ್ಕೆ ಕರೆತಂದಳು. ಅರ್ಜುಮಂದ್ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಸಣ್ಣತ್ತಿ, ನಾನು ಅಂಚಿಗೇ ನಿಂದರ್ತೀನಿ. ನಮ್ಮತ್ತಿ ಜಾಗಾ ಅದು."

"ಬ್ಯಾಡವ್ವ. ಅದು ಕೆಟ್ಟ ಜಾಗಾ."

"ಹಂಗನಬ್ಯಾಡ್ರಿ. ನಮ್ಮನ್ಯಾಗ ಅದಕ್ಕ ದಿನಾ ಜಗಳ ಆಗತಿತ್ತು. ಅವ್ರು ನಿನ್ನ ಹೊರಗ ಹಾಕ್ಯಾರ, ಹೋಗಬ್ಯಾಡ ಅಂತ ನಮ್ಮ ಮನ್ಯಾವ್ರು ಬೈತಿದ್ರು. ನಮ್ಮತ್ತಿ ಒಪ್ಪತಿರಲಿಲ್ಲ. ಅಂಚಿಗೆ ಗಟ್ಟಿ ಹೆಂಗಸು ಬೇಕಂತ ನಿಂದ್ರಸ್ಯಾಳ, ನನ್ನ ಅಯ್ಯಮ್ಮ ನನ್ನ ಹೊರಗ ಹಾಕಾಕಿ ಅಲ್ಲ ಅಂತಿದ್ಳು."

ಅಯ್ಯಮ್ಮ ಸುಮ್ಮನಿದ್ದರೆ ನಡೆಯುತ್ತಿತ್ತು. ಸತ್ತವಳು ಮುಚ್ಚಿಟ್ಟ ಮಾತು ಮುಚ್ಚಿಯೇ ಇರುತ್ತಿತ್ತು. ಸಾಲಿನ ಎಲ್ಲ ಕಣ್ಣುಗಳೂ ತನ್ನ ಮೇಲಿರುವುದು ಅವಳಿಗೆ ಗೊತ್ತಾಯಿತು, ಪುಂಡಿಪಲ್ಯದ ಡಬ್ಬಿಯ ಎದುರು ಇದ್ದ ಹಾಗೆಯೇ.

"ಹಾಕಿದ್ನೆವ್ವ" ಎಂದಳು. ಊರಿಗೆಲ್ಲ ಕೇಳುವ ದನಿ ಪಕ್ಕದವಳಿಗೂ ಕೇಳದಷ್ಟು ಸಣ್ಣದಾಗಿತ್ತು. ಮತ್ತೊಮ್ಮೆ ಜೋರಾಗಿ ಅಂದಳು. "ನಾನ ಆಕಿನ್ನ ಹೊರಗ ಹಾಕಿದ್ನಿ. ಗಟ್ಟಿ ಹೆಂಗಸು ಅಂದದ್ದು ಸುಳ್ಳು. ಮಂದಿಗೆ ಅಂಜಿ ಹಾಕಿದ್ನಿ."

ಅರ್ಜುಮಂದ್ ಸಸಿಯ ಕಟ್ಟು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮತ್ತಿಗೆ ಗೊತ್ತಿತ್ತುರಿ" ಎಂದಳು. "ಮಗನ ಮುಂದ ಹಂಗ ಅಂದು, ಆಮ್ಯಾಲ ಬಚ್ಚಲದಾಗ ಕುಂತು ಅಳತಿದ್ಳು."

ಎಂದವಳು ಒಡ್ಡಿನ ಅಂಚಿಗೆ ನಡೆದು ಹೋಗಿ, ಸೊಂಟ ಬಗ್ಗಿಸಿ, ಸಸಿ ಊರತೊಡಗಿದಳು.